ಮೆತ್ತಿನಿಂದ ಜಗಲಿಗೆ 600 ಜಿಬಿ ತಾಳಮದ್ದಳೆ

ಒಂದೇ ಮನೆಯಲ್ಲಿರುವ ಎರಡು ಕಂಪ್ಯೂಟರ್‌ಗಳ ನಡುವೆ ಫೈಲ್ ಸಾಗಿಸಲು ಇಂಟರ್ನೆಟ್ ಬೇಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನಮ್ಮ ಶಾಲೆಯ ಮೇಷ್ಟ್ರುಗಳಿಂದ ಹಿಡಿದು ನೆಂಟರವರೆಗೆ ಬಹಳ ಜನ ಪಕ್ಕದ ಕೋಣೆಗೆ ಫೈಲ್ ಕಳಿಸಲು ಗೂಗಲ್ ಡ್ರೈವ್‌ಗೆ ಹಾಕುತ್ತಾರೆ, ಅಲ್ಲಿಂದ ಮತ್ತೆ ಇಳಿಸಿಕೊಳ್ಳುತ್ತಾರೆ. ಆಚೆಮನೆಗೆ ಮಜ್ಜಿಗೆ ಕೊಡಲು ಶಿರಸಿ ಬಸ್ ಹತ್ತಿದ ಹಾಗೆ. ನಾಲ್ಕು ಫೋಟೋ ಆದರೆ ಹೇಗೋ ನಡೆಯುತ್ತದೆ. ನಮ್ಮ ಮನೆಯಲ್ಲಿ ಸಾಗಬೇಕಾಗಿದ್ದದ್ದು ಸುಮಾರು 600 ಜಿಬಿ.

ನಮ್ಮದು ಸಿದ್ದಾಪುರ ತಾಲೂಕಿನ ಹಳ್ಳಿ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಮಾವ ಅಡಿಕೆ ತೋಟ ನೋಡಿಕೊಳ್ಳುತ್ತಾ, ಸುತ್ತಮುತ್ತ ಎಲ್ಲಿ ತಾಳಮದ್ದಳೆ ಆದರೂ ಹೋಗಿ ರೆಕಾರ್ಡ್ ಮಾಡುತ್ತಾ ಬಂದವರು. ಮೊದಲು ಕ್ಯಾಸೆಟ್, ಆಮೇಲೆ ಅಂಗೈಯಷ್ಟು ದೊಡ್ಡ ಡಿಜಿಟಲ್ ರೆಕಾರ್ಡರ್. ಮಳೆಗಾಲಕ್ಕೆ ಬಯಲಾಟ ನಿಂತ ಮೇಲೆ ದೇವಸ್ಥಾನಗಳಲ್ಲಿ, ಮನೆಗಳ ಜಗಲಿಯಲ್ಲಿ ತಾಳಮದ್ದಳೆ ಶುರುವಾಗುತ್ತದೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರ ಪದ, ಮದ್ದಳೆ, ಅರ್ಥಧಾರಿಗಳ ಮಾತು, ಅಷ್ಟೇ. ಆ ಮಾತು ಬರೆದಿಟ್ಟು ಓದುವುದಲ್ಲ. ಎದುರಿನವರು ಏನು ಕೇಳಿದರು ಅನ್ನುವುದರ ಮೇಲೆ ಅಲ್ಲೇ ಹುಟ್ಟುತ್ತದೆ. ಮರುದಿನ ಅದೇ ಪ್ರಸಂಗಕ್ಕೆ ಅದೇ ಇಬ್ಬರು ಕೂತರೂ ಬೇರೆಯೇ ಮಾತು ಬರುತ್ತದೆ. ಹಾಗಾಗಿ ಈ ಫೈಲ್‌ಗಳಲ್ಲಿ ಒಂದು ಹಾಳಾದರೂ ಆ ರಾತ್ರಿ ಹೋಯಿತು ಅಂತಲೇ ಲೆಕ್ಕ. ನಾನು ಇಷ್ಟೊಂದು ತಲೆ ಕೆಡಿಸಿಕೊಳ್ಳುವುದು ಇದಕ್ಕೇ.

ಗಾತ್ರ ಯಾಕೆ ಇಷ್ಟು ಅಂದರೆ, ಮಾವ ಎಲ್ಲವನ್ನೂ ಧ್ವನಿಯನ್ನು ಕುಗ್ಗಿಸದೆ ಇಡುವ ವೇವ್ ಫೈಲ್ ಆಗಿ ಇಟ್ಟಿದ್ದಾರೆ. ಸಿಡಿ ಮಟ್ಟದ ಧ್ವನಿ, ಅಂದರೆ ಸೆಕೆಂಡಿಗೆ 44,100 ಮಾದರಿ, 16 ಬಿಟ್, ಎರಡು ಚಾನೆಲ್. ಗಂಟೆಗೆ ಸುಮಾರು 635 ಎಂಬಿ ಆಗುತ್ತದೆ. ಒಂದು 90 ನಿಮಿಷದ ಕ್ಯಾಸೆಟ್ ಅಂದರೆ 950 ಎಂಬಿ. ಎಂಪಿ3 ಮಾಡಿದರೆ ಎಷ್ಟೋ ಚಿಕ್ಕದಾಗುತ್ತದೆ, ನಿಜ. ಆದರೆ ಹಳೆ ಕ್ಯಾಸೆಟ್ಟಿನ ಗೊರಗೊರ ಸದ್ದು ತೆಗೆಯುವ ಕೆಲಸ ಇನ್ನೂ ಬಾಕಿ ಇದೆ. ಅದಕ್ಕೆ ಮೂಲ ಧ್ವನಿ ಪೂರ್ತಿ ಇರಬೇಕು.

ಇದೆಲ್ಲ ಇದ್ದದ್ದು ಮೆತ್ತಿನ, ಅಂದರೆ ಮಹಡಿಯ ಮೇಲಿನ ಕೋಣೆಯ ಒಂದು ವಿಂಡೋಸ್ 7 ಕಂಪ್ಯೂಟರ್‌ನಲ್ಲಿ. ಒಂದೇ ಹಾರ್ಡ್ ಡಿಸ್ಕ್, ಬೇರೆ ಪ್ರತಿ ಇಲ್ಲ. ಕೆಳಗೆ ಜಗಲಿಯ ಪಕ್ಕದ ಕೋಣೆಯಲ್ಲಿ ನನ್ನ ಹಳೆ ಲ್ಯಾಪ್‌ಟಾಪ್‌ಗೆ ದೊಡ್ಡ ಡಿಸ್ಕ್ ಹಾಕಿ, ವಿಂಡೋಸ್ ಬದಲು ಬಳಸಬಹುದಾದ ಲಿನಕ್ಸ್ ಮಿಂಟ್ ಕೂರಿಸಿ, ಮನೆಯ ಉಗ್ರಾಣ ಮಾಡೋಣ ಅಂತ ಹೊರಟೆ. "ಮೇಲಿಂದ ಕೆಳಗೆ ಬರಲಿಕ್ಕೆ ಇಂಟರ್ನೆಟ್ ಯಾಕೆ ಬೇಕು?" ಅಂತ ಮಾವ ಕೇಳಿದರು. ಸರಿಯಾದ ಪ್ರಶ್ನೆ. ನಮ್ಮಲ್ಲಿ ಜೂನ್ ಬಂತೆಂದರೆ ಎಲ್ಲಾದರೂ ಮರ ಬಿದ್ದು ಫೈಬರ್ ತಂತಿ ಕಡಿಯುತ್ತದೆ. ಸರಿಯಾಗಿ ಬರುವಾಗಲೂ ಮೇಲಕ್ಕೆ ಕಳಿಸುವ ವೇಗ 20 ಎಂಬಿಪಿಎಸ್ ಅಂತಿಟ್ಟುಕೊಳ್ಳಿ. ಅದು ಸೆಕೆಂಡಿಗೆ 20 ಮೆಗಾಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್, ಅಂದರೆ ಸೆಕೆಂಡಿಗೆ 2.5 ಮೆಗಾಬೈಟ್. 600 ಜಿಬಿ ಹೋಗಲು 66 ಗಂಟೆಗೂ ಜಾಸ್ತಿ, ಆಮೇಲೆ ಇಳಿಸುವುದು ಬೇರೆ. ಅದೇ ಮನೆಯೊಳಗಿನ ಒಳ್ಳೆ ಕೇಬಲ್‌ನಲ್ಲಿ ಎರಡು ಗಂಟೆಯ ಆಸುಪಾಸು.

ರೂಟರ್ ಮಾಡುವುದು ಎರಡು ಬೇರೆ ಕೆಲಸ. ಒಂದು, ಮನೆಯನ್ನು ಹೊರಗಿನ ಜಾಲಕ್ಕೆ ಸೇರಿಸುವುದು. ಇನ್ನೊಂದು, ಮನೆಯೊಳಗಿನ ಯಂತ್ರಗಳಿಗೆ ವಿಳಾಸ ಕೊಟ್ಟು ಅವನ್ನು ಒಂದಕ್ಕೊಂದು ಜೋಡಿಸುವುದು. ಹೊರಗಿನ ತಂತಿ ಕಡಿದರೂ ಎರಡನೆಯದು ನಿಲ್ಲುವುದಿಲ್ಲ. 192.168 ಅಂತ ಶುರುವಾಗುವ ವಿಳಾಸ ನೀವೆಲ್ಲ ನೋಡಿರುತ್ತೀರಿ. ಅದು ಒಳಗಿನ ಬಳಕೆಗೆಂದೇ 1990ರ ದಶಕದಲ್ಲಿ ಮೀಸಲಿಟ್ಟ ವಿಳಾಸಗಳ ಒಂದು ಗುಂಪು. ನಿಮ್ಮ ಮನೆಯ 192.168.1.20 ಮತ್ತು ನಮ್ಮ ಮನೆಯ 192.168.1.20 ಎರಡೂ ಏಕಕಾಲಕ್ಕೆ ಇರಬಹುದು, ಜಗಳ ಇಲ್ಲ. ರೂಟರ್ ಇಲ್ಲದೆಯೂ ನಡೆಯುತ್ತದೆ. ಎರಡು ವಿಂಡೋಸ್ ಅಥವಾ ಮ್ಯಾಕ್ ಕಂಪ್ಯೂಟರ್‌ಗಳಿಗೆ ಒಂದೇ ಕೇಬಲ್ ನೇರ ಚುಚ್ಚಿದರೆ ಸ್ವಲ್ಪ ಹೊತ್ತಿನಲ್ಲಿ ಎರಡೂ 169.254 ಅಂತ ಶುರುವಾಗುವ ವಿಳಾಸ ತಾವೇ ಹಾಕಿಕೊಳ್ಳುತ್ತವೆ. ಹಿಂದೆ ಇದಕ್ಕೆ ಕ್ರಾಸ್ ಕೇಬಲ್ ಅಂತ ಬೇರೆಯೇ ಬೇಕಿತ್ತು. ಗಿಗಾಬಿಟ್, ಅಂದರೆ ಸೆಕೆಂಡಿಗೆ 1000 ಮೆಗಾಬಿಟ್ ವೇಗದ ಪೋರ್ಟ್‌ಗಳಿಗೆ ಅದು ಬೇಡ.

ವೈಫೈ ಸಾಕಲ್ಲವಾ ಅಂತ ಕೇಳಬಹುದು. ನಮ್ಮದು ಚಿರೆಕಲ್ಲಿನ ದಪ್ಪ ಗೋಡೆ. 5 ಗಿಗಾಹರ್ಟ್ಸ್ ಸಿಗ್ನಲ್ ಒಂದು ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ. 2.4 ದಾಟುತ್ತದೆ, ಆದರೆ ನಿಧಾನ. ಜೊತೆಗೆ ಎರಡೂ ಕಂಪ್ಯೂಟರ್ ವೈಫೈಯಲ್ಲೇ ಇದ್ದರೆ ಒಂದೇ ಫೈಲ್ ಗಾಳಿಯಲ್ಲಿ ಎರಡು ಸಲ ಹೋಗಬೇಕು. ಮೇಲಿನಿಂದ ರೂಟರಿಗೆ ಒಮ್ಮೆ, ರೂಟರಿಂದ ಕೆಳಗಿನ ಯಂತ್ರಕ್ಕೆ ಇನ್ನೊಮ್ಮೆ. ಅಲ್ಲಿಗೇ ವೇಗ ಅರ್ಧ. ಒಂದಕ್ಕಾದರೂ ಕೇಬಲ್ ಹಾಕಿ. ಎರಡಕ್ಕೂ ಹಾಕಿದರೆ ಇನ್ನೂ ಒಳ್ಳೆಯದು.

ಕೇಬಲ್ ವಿಷಯದಲ್ಲಿ ನೋಡಬೇಕಾದದ್ದು ಮೂರು ಇವೆ. ಮೊದಲನೆಯದು ಪೋರ್ಟ್. ಫೈಬರ್ ಸಂಪರ್ಕದ ಜೊತೆ ಬರುವ ಪೆಟ್ಟಿಗೆಗಳಲ್ಲಿ ಹಲವಕ್ಕೆ ಒಂದು ಪೋರ್ಟ್ ಮಾತ್ರ ಗಿಗಾಬಿಟ್, ಉಳಿದವು 100 ಎಂಬಿಪಿಎಸ್. ನೋಡಲು ಎಲ್ಲ ಒಂದೇ ಥರ. 100ರ ಪೋರ್ಟ್‌ಗೆ ಚುಚ್ಚಿದರೆ ಸೆಕೆಂಡಿಗೆ 11 ಮೆಗಾಬೈಟ್ ಸುಮಾರಿಗೆ ನಿಲ್ಲುತ್ತದೆ, 600 ಜಿಬಿಗೆ 15 ಗಂಟೆ. ಗಿಗಾಬಿಟ್ ಆದರೆ 110ರವರೆಗೆ ಹೋಗುತ್ತದೆ. ಅಲ್ಲಿ ಹಳೆ ಹಾರ್ಡ್ ಡಿಸ್ಕೇ ಮೊದಲು ಸುಸ್ತಾಗುತ್ತದೆ, ನಮ್ಮದು 80–90ರಲ್ಲಿ ಓಡಿತು. ಐದು ಪೋರ್ಟಿನ ಗಿಗಾಬಿಟ್ ಸ್ವಿಚ್, ಅಂದರೆ ಯಂತ್ರಗಳ ಕೇಬಲ್ ಒಂದಕ್ಕೊಂದು ಜೋಡಿಸುವ ಪುಟ್ಟ ಪೆಟ್ಟಿಗೆ ಒಂದು ತಂದು, ಮೇಲಿನ ಯಂತ್ರ, ಕೆಳಗಿನ ಯಂತ್ರ, ರೂಟರ್ ಮೂರನ್ನೂ ಅದಕ್ಕೆ ಸೇರಿಸುವುದು ನನ್ನ ಮಟ್ಟಿಗೆ ಅತಿ ಒಳ್ಳೆ ಖರ್ಚು. ಯಾವ ಪೋರ್ಟಿನಲ್ಲಿ ಯಾರಿದ್ದಾರೆ ಅಂತ ಸ್ವಿಚ್ ತಾನೇ ಕಲಿಯುತ್ತದೆ. ಆಮೇಲೆ ಫೈಲ್ ನೇರ ಅಲ್ಲಿಂದ ಇಲ್ಲಿಗೆ ಹೋಗುತ್ತದೆ, ರೂಟರನ್ನು ಮುಟ್ಟುವುದೂ ಇಲ್ಲ.

ಎರಡನೆಯದು ಇಲಿ. ಹಳೆ ಮನೆಯಲ್ಲಿ ಇಲಿ ಇಲ್ಲದೆ ಇರುತ್ತದಾ? ನೆಟ್‌ವರ್ಕ್ ಕೇಬಲ್‌ನಲ್ಲಿ ಎಂಟು ಎಳೆ, ನಾಲ್ಕು ಜೋಡಿ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. 100ರ ವೇಗಕ್ಕೆ ಎರಡು ಸಾಕು. ಹಾಗಾಗಿ ಇಲಿ ಒಂದು ಎಳೆ ಕಡಿದರೂ ಕೆಲವೊಮ್ಮೆ ಸಂಪರ್ಕ ಪೂರ್ತಿ ಹೋಗುವುದಿಲ್ಲ. ವೇಗ ಮಾತ್ರ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇದ್ದಕ್ಕಿದ್ದಂತೆ ನಿಧಾನ ಆಯಿತು ಅಂದರೆ ಕಂಪ್ಯೂಟರ್ ಬಿಚ್ಚುವ ಮೊದಲು ಕೇಬಲ್ ಉದ್ದಕ್ಕೂ ಟಾರ್ಚ್ ಹಿಡಿದು ನೋಡಿ. ನಮ್ಮ ಕೇಬಲ್ ಈಗ ಪಿವಿಸಿ ಪೈಪಿನೊಳಗಿದೆ.

ಮೂರನೆಯದು ಸಿಡಿಲು. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಫೈಬರ್ ಗಾಜಿನದ್ದು, ಕರೆಂಟ್ ತರುವುದಿಲ್ಲ ಅಂತ ಜನ ಧೈರ್ಯವಾಗಿರುತ್ತಾರೆ. ಆದರೆ ಮನೆಯೊಳಗಿನ ನೆಟ್‌ವರ್ಕ್ ಕೇಬಲ್ ತಾಮ್ರದ್ದು. ಒಂದು ಯಂತ್ರಕ್ಕೆ ಬಡಿದದ್ದು ಅದರ ಮೂಲಕ ಉಳಿದ ಯಂತ್ರಗಳಿಗೂ ಹೋಗಬಹುದು. ಗುಡುಗು ಶುರುವಾದರೆ ಕರೆಂಟ್ ಪ್ಲಗ್ ಜೊತೆಗೆ ಈ ಕೇಬಲ್ಲನ್ನೂ ಕೀಳುವುದು ನಮ್ಮ ಮನೆಯ ನಿಯಮ. ಮಕ್ಕಳಿಗೂ ಗೊತ್ತು.

ಈಗ ಕಂಪ್ಯೂಟರ್ ಒಳಗಿನ ಕೆಲಸ. ವಿಂಡೋಸ್ ಯಂತ್ರಗಳು ಫೋಲ್ಡರ್ ಹಂಚಿಕೊಳ್ಳಲು ಬಳಸುವ ಭಾಷೆಗೆ ಎಸ್‌ಎಂಬಿ ಅಂತ ಹೆಸರು. ಲಿನಕ್ಸ್‌ಗೆ ಅದನ್ನು ಕಲಿಸಿದ್ದು ಸಾಂಬಾ ಅನ್ನುವ ತಂತ್ರಾಂಶ. ಆಂಡ್ರ್ಯೂ ಟ್ರಿಜೆಲ್ ಅನ್ನುವವರು ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಓದುತ್ತಿದ್ದಾಗ 1990ರ ದಶಕದ ಶುರುವಿನಲ್ಲಿ ಬರೆದದ್ದು. ಅದೇ ಮನುಷ್ಯ 1996ರಲ್ಲಿ ಪಾಲ್ ಮ್ಯಾಕರಸ್ ಜೊತೆ ಸೇರಿ, ಬದಲಾದದ್ದನ್ನು ಮಾತ್ರ ಸಾಗಿಸಿ ಫೈಲ್ ಪ್ರತಿ ಮಾಡುವ ಆರ್‌ಸಿಂಕ್ ಕೂಡ ಬರೆದರು. ಇವತ್ತು ನಮ್ಮ ಮನೆಯ ಉಗ್ರಾಣ ನಿಂತಿರುವುದು ಈ ಎರಡರ ಮೇಲೆ. ಎರಡೂ ಯಾರು ಬೇಕಾದರೂ ಬಳಸಬಹುದಾದ ಮುಕ್ತ ತಂತ್ರಾಂಶ. ಇಂಥವರ ಋಣ ನಮ್ಮ ಮೇಲೆ ಬಹಳ ಇದೆ.

ಸಾಂಬಾದಲ್ಲಿ ನಾನು ಇಬ್ಬರು ಬಳಕೆದಾರರನ್ನು ಮಾಡಿದ್ದೇನೆ. ಮಾವನ ಹೆಸರಿನಲ್ಲಿ ಬಂದರೆ ಬರೆಯಬಹುದು. ಇನ್ನೊಂದು ಹೆಸರಿನಲ್ಲಿ ಬಂದರೆ ಓದಬಹುದು, ಅಳಿಸಲಾಗದು. ಮಕ್ಕಳ ಫೋನು, ನನ್ನ ಲ್ಯಾಪ್‌ಟಾಪ್ ಎಲ್ಲ ಎರಡನೆಯದರಲ್ಲೇ. ಆಮೇಲೆ ರೂಟರ್‌ನಲ್ಲಿ ಉಗ್ರಾಣಕ್ಕೆ ಯಾವಾಗಲೂ ಒಂದೇ ವಿಳಾಸ ಸಿಗುವಂತೆ ಮಾಡಿಟ್ಟೆ. ವಿಂಡೋಸ್‌ನ ಫೈಲ್ ಕಿಟಕಿಯ ಮೇಲಿನ ಪಟ್ಟಿಯಲ್ಲಿ ಎರಡು ಬ್ಯಾಕ್‌ಸ್ಲ್ಯಾಷ್ ಹಾಕಿ ಆ ವಿಳಾಸ ಟೈಪ್ ಮಾಡಿದರೆ ಫೋಲ್ಡರ್ ತೆರೆಯುತ್ತದೆ. 'ನೆಟ್‌ವರ್ಕ್' ಅನ್ನುವ ಚಿತ್ರದ ಮೇಲೆ ಒತ್ತಿ ಯಂತ್ರದ ಹೆಸರು ಬರಲಿ ಅಂತ ಕಾಯಬೇಡಿ. ಅದು ಒಮ್ಮೆ ಕಾಣುತ್ತದೆ, ಒಮ್ಮೆ ಕಾಣುವುದಿಲ್ಲ. ವಿಳಾಸ ಯಾವತ್ತೂ ಕೆಲಸ ಮಾಡುತ್ತದೆ.

ನಿಮ್ಮ ಮನೆಯಲ್ಲಿ ಎರಡೂ ವಿಂಡೋಸ್ ಆದರೆ ಇನ್ನೂ ಸುಲಭ, ಲಿನಕ್ಸ್ ಬೇಕಿಲ್ಲ. ನಮ್ಮ ಶಾಲೆಯ ವಿಜ್ಞಾನದ ಮೇಡಂ ಮನೆಯಲ್ಲಿ ಹಾಗೇ ಮಾಡಿಕೊಟ್ಟೆ. ಅಲ್ಲಿ ಎಲ್ಲರೂ ಸಿಕ್ಕಿಕೊಳ್ಳುವ ಎರಡು ಜಾಗ ಇವೆ. ನೆಟ್‌ವರ್ಕ್ 'ಪಬ್ಲಿಕ್' ಅಂತಿದ್ದರೆ ಹಂಚಿಕೆ ನಡೆಯುವುದಿಲ್ಲ, 'ಪ್ರೈವೇಟ್' ಮಾಡಬೇಕು. ಮತ್ತೆ, ಇನ್ನೊಂದು ಯಂತ್ರ ಪಾಸ್‌ವರ್ಡ್ ಕೇಳಿದಾಗ ನಾವು ದಿನಾ ಹಾಕುವ ನಾಲ್ಕಂಕಿಯ ಪಿನ್ ನಡೆಯುವುದಿಲ್ಲ. ಪಿನ್ ಆ ಒಂದು ಯಂತ್ರಕ್ಕೆ ಮಾತ್ರ. ಖಾತೆಯ ನಿಜವಾದ ಪಾಸ್‌ವರ್ಡ್ ಬೇಕು. ಬಹಳ ಜನ ಅದನ್ನು ಮರೆತೇ ಬಿಟ್ಟಿರುತ್ತಾರೆ. ಹಂಚಿಕೆಗೆಂದೇ ಬೇರೆ ಒಬ್ಬ ಬಳಕೆದಾರನನ್ನು ಮಾಡಿ ಪಾಸ್‌ವರ್ಡ್ ಕೊಡುವುದು ಸುಲಭದ ದಾರಿ.

ಯೂಟ್ಯೂಬ್‌ನಲ್ಲಿ ಕೆಲವರು "ಎಸ್‌ಎಂಬಿ 1 ಆನ್ ಮಾಡಿ, ಎಲ್ಲ ಸರಿಯಾಗುತ್ತದೆ" ಅಂತ ಹೇಳಿಕೊಡುತ್ತಾರೆ. ದಯವಿಟ್ಟು ಮಾಡಬೇಡಿ. 2017ರ ಮೇ ತಿಂಗಳಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಅನ್ನುವ ದುಷ್ಟ ತಂತ್ರಾಂಶ ಪ್ರಪಂಚದ ತುಂಬ ಹರಡಿದ್ದು ಈ ಹಳೆ ಆವೃತ್ತಿಯ ತೂತಿನ ಮೂಲಕವೇ. ವಿಂಡೋಸ್ 7ಕ್ಕೂ ಎಸ್‌ಎಂಬಿ 2 ಬರುತ್ತದೆ, ಅದಕ್ಕಿಂತ ಹಿಂದೆ ಹೋಗುವ ಅಗತ್ಯವೇ ಇಲ್ಲ.

ಆ ವಿಂಡೋಸ್ 7 ಯಂತ್ರವನ್ನೇ ಬದಲಿಸಬಾರದಾ ಅಂದರೆ, ಕ್ಯಾಸೆಟ್ ಡೆಕ್ಕಿಗೆ ಹೊಂದುವ ಸೌಂಡ್ ಕಾರ್ಡ್ ಅದರಲ್ಲಿದೆ. ಮಾವನ ಕೈ ಅದಕ್ಕೆ ಒಗ್ಗಿದೆ. ಅದು ಇರಲಿ, ಆದರೆ 2020ರ ಜನವರಿಯಿಂದ ಅದಕ್ಕೆ ಮೈಕ್ರೋಸಾಫ್ಟ್‌ನಿಂದ ಸುರಕ್ಷತೆಯ ತಿದ್ದುಪಡಿ ಬರುವುದು ನಿಂತಿದೆ. ಅದು ಹೊರಗಿನ ಜಾಲಕ್ಕೆ ಹೋಗುವುದು ನನಗೆ ಬೇಡ. ಇದಕ್ಕೊಂದು ಸರಳ ಉಪಾಯ ಇದೆ. ಅದರ ವಿಳಾಸವನ್ನು ಕೈಯಾರೆ ಬರೆದು, ಗೇಟ್‌ವೇ ಅನ್ನುವ ಜಾಗ ಖಾಲಿ ಬಿಡುವುದು. ಗೇಟ್‌ವೇ ಅಂದರೆ ಮನೆಯಿಂದ ಹೊರಗೆ ಹೋಗುವ ಬಾಗಿಲು. ಅದು ಗೊತ್ತಿಲ್ಲದ ಯಂತ್ರ ಮನೆಯೊಳಗೇ ಓಡಾಡುತ್ತದೆ. ಐಪಿವಿ6 ಅನ್ನುವ ಹೊಸ ವಿಳಾಸ ಪದ್ಧತಿಯ ಎದುರಿನ ಗುರುತನ್ನೂ ತೆಗೆಯಿರಿ, ಇಲ್ಲವಾದರೆ ರೂಟರ್ ಆ ದಾರಿಯಲ್ಲಿ ಬಾಗಿಲು ತೋರಿಸಿಬಿಡುತ್ತದೆ.

ಇನ್ನು ಸಾಗಣೆ. ಮೌಸ್‌ನಲ್ಲಿ ಎಳೆದು ಬಿಡುವುದು 600 ಜಿಬಿಗೆ ಆಗದ ಕೆಲಸ. ಮಧ್ಯೆ ಕರೆಂಟ್ ಹೋದರೆ ಎಲ್ಲಿಯವರೆಗೆ ಆಗಿತ್ತು ಅಂತ ಹುಡುಕುತ್ತಾ ಕೂರಬೇಕು. ವಿಂಡೋಸ್‌ನಲ್ಲೇ ರೋಬೋಕಾಪಿ ಅನ್ನುವ ಆದೇಶ ಇದೆ, ವಿಸ್ಟಾ ಕಾಲದಿಂದಲೂ ಜೊತೆಗೇ ಬರುತ್ತದೆ. ಕಪ್ಪು ಕಿಟಕಿಯಲ್ಲಿ ಟೈಪ್ ಮಾಡಬೇಕು ಅಂತ ಹೆದರಬೇಡಿ. ಎಲ್ಲಿಂದ, ಎಲ್ಲಿಗೆ ಅಂತ ಬರೆದು, ಒಳಗಿನ ಫೋಲ್ಡರ್‌ಗಳೂ ಬರಲಿ ಅನ್ನಲು 'ಇ', ನಿಂತಲ್ಲಿಂದ ಮುಂದುವರಿಯಲಿ ಅನ್ನಲು 'ಝಡ್' ಅಕ್ಷರ ಸೇರಿಸಿದರೆ ಆಯಿತು. ಎರಡನೇ ಸಲ ಓಡಿಸಿದಾಗ ಮೊದಲೇ ಹೋದ ಫೈಲ್‌ಗಳನ್ನು ಬಿಟ್ಟು ಉಳಿದದ್ದನ್ನು ಮಾತ್ರ ಎತ್ತಿಕೊಳ್ಳುತ್ತದೆ. ಸುಮ್ನೆ ಬಿಟ್ಟರೆ ಇದು ತೆರೆಯದ ಒಂದು ಫೈಲನ್ನು 30 ಸೆಕೆಂಡಿಗೊಮ್ಮೆ ಹತ್ತು ಲಕ್ಷ ಸಲ ಪ್ರಯತ್ನಿಸುತ್ತದೆ. ಮೂರು ಸಲ ಸಾಕು ಅಂತ ಹೇಳಿಕೊಡಿ. 'ಮಿರರ್' ಅನ್ನುವ ಆಯ್ಕೆಯಿಂದ ದೂರ ಇರಿ. ಅದು ಮೂಲದಲ್ಲಿ ಇಲ್ಲದ್ದನ್ನು ಆ ಕಡೆಯಿಂದಲೂ ಅಳಿಸುತ್ತದೆ. ನಮ್ಮಂಥ ಸಂಗ್ರಹಕ್ಕೆ ಅದು ಬೇಡ.

ಸಾಗಣೆ ಶುರುವಾದ ಮೇಲೆ ಕೆಲವು ಫೈಲ್‌ಗಳು ಮಾತ್ರ ಹೋಗಲೊಲ್ಲೆ ಅಂದವು. ಕನ್ನಡದಲ್ಲಿ ಹೆಸರಿಡುವವರೆಲ್ಲ ಇದನ್ನು ತಿಳಿದಿರಬೇಕು. ಮಾವ ಒಂದೊಂದು ಫೈಲಿನ ಹೆಸರಿನಲ್ಲೇ ಪ್ರಸಂಗ, ಭಾಗವತರು, ಅರ್ಥಧಾರಿಗಳು, ಊರು, ತಾರೀಖು ಎಲ್ಲ ಬರೆದಿದ್ದರು. ವಿಂಡೋಸ್‌ನಲ್ಲಿ ಅದಕ್ಕೆ ತೊಂದರೆ ಇಲ್ಲ, ಹೆಸರಿಗೆ 255 ಚಿಹ್ನೆಗಳ ಜಾಗ ಇದೆ. ಲಿನಕ್ಸ್‌ನಲ್ಲಿ ಡಿಸ್ಕ್‌ಗೆ ಬಳಸುವ ಇಎಕ್ಸ್‌ಟಿ4 ಮಾದರಿಯಲ್ಲಿ ಮಿತಿ 255 ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಒಂದೊಂದು ಚಿಹ್ನೆಗೆ ಮೂರು. ಅಂದರೆ 85 ಚಿಹ್ನೆಗೆ ಮುಗಿಯಿತು. ಅದರಲ್ಲೂ ನಮಗೆ ಒಂದಾಗಿ ಕಾಣುವ ಅಕ್ಷರ ಒಳಗೆ ಒಂದಲ್ಲ. 'ಕ್ಷ' ಮೂರು ಚಿಹ್ನೆ, ಒಂಬತ್ತು ಬೈಟ್. 'ಸ್ತ್ರೀ' ಆರು ಚಿಹ್ನೆ, 18 ಬೈಟ್. ಒತ್ತಕ್ಷರ ಜಾಸ್ತಿ ಇರುವ ಪ್ರಸಂಗದ ಹೆಸರು, ಮೂರು ಅರ್ಥಧಾರಿಗಳು, ಊರು ಸೇರಿದರೆ ಮಿತಿ ದಾಟಲು ಎಷ್ಟು ಹೊತ್ತು?

ನಾನೂ ಮಾವನೂ ಕೂತು ಬೇರೆ ವ್ಯವಸ್ಥೆ ಮಾಡಿಕೊಂಡೆವು. ಒಂದು ಕಾರ್ಯಕ್ರಮಕ್ಕೆ ಒಂದು ಫೋಲ್ಡರ್. ಹೆಸರಲ್ಲಿ ಮೊದಲು ವರ್ಷ, ತಿಂಗಳು, ದಿನ, ಆಮೇಲೆ ಪ್ರಸಂಗ ಮಾತ್ರ. ಒಳಗೆ 'ವಿವರ' ಅಂತ ಒಂದು ಪುಟ್ಟ ಟೆಕ್ಸ್ಟ್ ಫೈಲ್, ಅದರಲ್ಲಿ ಯಾರು ಯಾವ ಪಾತ್ರ, ಎಲ್ಲಿ, ಯಾವ ಭಾಗ ಕತ್ತರಿಸಿದೆ ಎಲ್ಲ. ಹೆಸರಿನಲ್ಲಿ ಹಿಡಿಸದೆ ಬಿಟ್ಟಿದ್ದ ಮಾತನ್ನೂ ಮಾವ ಈಗ ಅಲ್ಲಿ ಬರೆಯುತ್ತಾರೆ: ಆ ದಿನ ಮಳೆ ಹೇಗಿತ್ತು, ಮೈಕ್ ಎಲ್ಲಿಟ್ಟಿದ್ದರು ಅಂತೆಲ್ಲ.

ಕನ್ನಡದ್ದೇ ಇನ್ನೊಂದು ತೊಡಕು ಬೆಂಗಳೂರಿನಿಂದ ನಾದಿನಿ ಬಂದಾಗ ಎದುರಾಯಿತು. ಅವಳ ಹಳೆ ಮ್ಯಾಕ್‌ನಲ್ಲಿ ಕೆಲವು ಕ್ಯಾಸೆಟ್‌ಗಳ ಪ್ರತಿ ಇತ್ತು. ಅದನ್ನು ಆರ್‌ಸಿಂಕ್‌ನಲ್ಲಿ ಉಗ್ರಾಣಕ್ಕೆ ತಂದರೆ ಒಂದೇ ಹೆಸರಿನ ಎರಡೆರಡು ಫೋಲ್ಡರ್. 'ಮೇಳ' ಅಂತ ಒಂದು, ಅದರ ಕೆಳಗೇ ಇನ್ನೊಂದು 'ಮೇಳ'. ಕಣ್ಣಿಗೆ ವ್ಯತ್ಯಾಸವೇ ಇಲ್ಲ. ಹಳೆ ಮ್ಯಾಕ್ ಡಿಸ್ಕ್‌ಗಳು ಹೆಸರನ್ನು ಬಿಡಿಸಿ ಇಡುತ್ತವೆ. ನಾವು ಟೈಪ್ ಮಾಡುವ ಏತ್ವ ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆ. ಮ್ಯಾಕ್ ಅದನ್ನು ಎತ್ವ ಮತ್ತು ದೀರ್ಘ ಅಂತ ಎರಡು ಮಾಡುತ್ತದೆ. ಈತ್ವ, ಐತ್ವ, ಒತ್ವ, ಓತ್ವಗಳಿಗೂ ಹೀಗೇ. ಲಿನಕ್ಸ್ ಬೈಟ್ ನೋಡುತ್ತದೆ, ಅಕ್ಷರ ನೋಡುವುದಿಲ್ಲ. ಹಾಗಾಗಿ ಅದಕ್ಕೆ ಇವು ಬೇರೆ ಬೇರೆ ಹೆಸರು. ಆರ್‌ಸಿಂಕ್‌ನಲ್ಲಿ 'ಐಕಾನ್ವ್' ಅನ್ನುವ ಆಯ್ಕೆ ಇದೆ. ಆ ಕಡೆಯದು ಮ್ಯಾಕ್‌ನ ಯುಟಿಎಫ್-8, ಈ ಕಡೆಯದು ಸಾಮಾನ್ಯ ಯುಟಿಎಫ್-8 ಅಂತ ಅದಕ್ಕೆ ಹೇಳಿದರೆ ದಾರಿಯಲ್ಲೇ ಹೆಸರನ್ನು ಜೋಡಿಸಿ ತರುತ್ತದೆ.

ಎಲ್ಲ ಬಂದ ಮೇಲೆ ಮೇಲಿನ ಡಿಸ್ಕ್ ಖಾಲಿ ಮಾಡಬಹುದಾ? ಇಲ್ಲ. ಮೊದಲು ತಾಳೆ ನೋಡಬೇಕು. ಗಾತ್ರ ಸರಿ ಇದೆ ಅಂದರೆ ಒಳಗಿನದ್ದೂ ಸರಿ ಇದೆ ಅಂತಲ್ಲ. ಪ್ರತಿ ಫೈಲಿಗೂ ಶಾ-256 ಅನ್ನುವ ಲೆಕ್ಕ ಹಾಕಿಸಬಹುದು. ಅದು ಇಡೀ ಫೈಲ್ ಓದಿ 64 ಅಕ್ಷರಗಳ ಒಂದು ಗುರುತು ಕೊಡುತ್ತದೆ. ಫೈಲಿನಲ್ಲಿ ಒಂದು ಬಿಟ್ ಬದಲಾದರೂ ಗುರುತು ಪೂರ್ತಿ ಬೇರೆ. ವಿಂಡೋಸ್ 7ರಲ್ಲಿ ಸರ್ಟ್‌ಯುಟಿಲ್ ಇದನ್ನು ಮಾಡುತ್ತದೆ, ಲಿನಕ್ಸ್‌ನಲ್ಲಿ ಶಾ256ಸಮ್ ಅನ್ನುವ ಆದೇಶ ಇದೆ. ಎರಡೂ ಕಡೆಯ ಪಟ್ಟಿ ಮಾಡಿ ಪಕ್ಕಪಕ್ಕ ಇಟ್ಟು ಹೋಲಿಸಿದೆ. ಡಿಸ್ಕ್ ಪೂರ್ತಿ ಮತ್ತೊಮ್ಮೆ ಓದಬೇಕಾದ್ದರಿಂದ ಸಾಗಣೆಯಷ್ಟೇ ಹೊತ್ತು ಹಿಡಿಯುತ್ತದೆ. ಹಿಡಿಯಲಿ. ಗಣಿತದ ಟೀಚರ್ ಆಗಿ ಹೇಳುತ್ತೇನೆ, ತಾಳೆ ನೋಡದ ಉತ್ತರಕ್ಕೆ ಪೂರ್ತಿ ಅಂಕ ಇಲ್ಲ. ಆ ಪಟ್ಟಿ ಈಗಲೂ ಉಗ್ರಾಣದಲ್ಲೇ ಇದೆ. ವರ್ಷಕ್ಕೊಮ್ಮೆ ಮತ್ತೆ ಓಡಿಸಿ ನೋಡುವ ಯೋಚನೆ.

ಫೋನ್‌ಗೆ ಇಷ್ಟೆಲ್ಲ ಬೇಡ. ಲೋಕಲ್‌ಸೆಂಡ್ ಅಂತ ಒಂದು ಆ್ಯಪ್ ಇದೆ. ಆಂಡ್ರಾಯ್ಡ್, ಐಫೋನ್, ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲಕ್ಕೂ ಬರುತ್ತದೆ, ಖಾತೆ ತೆರೆಯಬೇಕಿಲ್ಲ, ಇಂಟರ್ನೆಟ್ ಬೇಕಿಲ್ಲ. ಎರಡೂ ಒಂದೇ ವೈಫೈಯಲ್ಲಿರಬೇಕು ಅಷ್ಟೇ. ಕಾಣದಿದ್ದರೆ ಒಂದು ಗೆಸ್ಟ್ ವೈಫೈಯಲ್ಲಿದೆಯಾ ನೋಡಿ. ಗೆಸ್ಟ್ ಜಾಲದಲ್ಲಿರುವವರಿಗೆ ಮನೆಯ ಬೇರೆ ಯಂತ್ರಗಳು ಕಾಣದಂತೆ ರೂಟರ್ ತಡೆಯುತ್ತದೆ, ಅದಿರುವುದೇ ಅದಕ್ಕೆ. ಉಗ್ರಾಣದಲ್ಲಿರುವುದನ್ನು ಫೋನಿನಲ್ಲಿ ಕೇಳಲು ಮಾವ ವಿಎಲ್‌ಸಿ ಬಳಸುತ್ತಾರೆ. ಅದು ಸಾಂಬಾ ಫೋಲ್ಡರನ್ನು ನೇರ ತೆರೆಯುತ್ತದೆ, ಇಳಿಸಿಕೊಳ್ಳುವ ಕೆಲಸವೇ ಇಲ್ಲ. ಕರೆಂಟ್ ಹೋದರೂ ರೂಟರ್ ಮತ್ತು ಸ್ವಿಚ್ ಇನ್ವರ್ಟರ್ ಮೇಲಿವೆ, ಉಗ್ರಾಣದ ಲ್ಯಾಪ್‌ಟಾಪ್‌ಗೆ ಅದರದ್ದೇ ಬ್ಯಾಟರಿ ಇದೆ.

ಉಗ್ರಾಣ ಒಂದೇ ಇದ್ದರೆ ಮತ್ತೆ ಹಳೆ ಕಥೆಯೇ. ಹಾಗಾಗಿ ರಾತ್ರಿ ಹೊತ್ತು ಆರ್‌ಸಿಂಕ್ ಹೊಸದನ್ನೆಲ್ಲ ಯುಎಸ್‌ಬಿ ಡಿಸ್ಕಿಗೆ ಹಾಕುತ್ತದೆ. ಇನ್ನೊಂದು ಪ್ರತಿ ನಾದಿನಿಯ ಮನೆಯಲ್ಲಿರಬೇಕು ಅಂತ ತೀರ್ಮಾನಿಸಿದೆವು. ಮನೆಯ ಜಾಲ ಮನೆಯ ಬಾಗಿಲಿಗೇ ಮುಗಿಯುತ್ತದಲ್ಲ. ಅದಕ್ಕೆ ಅವಳು ಊರಿಗೆ ಬಂದಾಗ ಇನ್ನೊಂದು ಡಿಸ್ಕ್ ತುಂಬಿಸಿ ಕೈಗೆ ಕೊಡುತ್ತೇವೆ. ಆ ಡಿಸ್ಕನ್ನು ಎಕ್ಸ್‌ಫ್ಯಾಟ್ ಅನ್ನುವ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ್ದೇನೆ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಮಾದರಿ ಆದರೆ ಅವಳ ಮ್ಯಾಕ್ ಓದುತ್ತದೆ, ಬರೆಯುವುದಿಲ್ಲ. ಅವಳೂ ಅಲ್ಲಿಂದ ಏನಾದರೂ ತುಂಬಿಸಿ ಕಳಿಸಬೇಕಲ್ವಾ?